ನಾಯಿಗೆ ಮಲಗಲು ಕಲಿಸಿದವರು

ನಾಯಿಗೆ ಮಲಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬೂದಿಗುಂಡಿ ಸಿಕ್ಕರೆ ಬೂದಿಗುಂಡಿ, ಬಸ್ ಸ್ಟ್ಯಾಂಡಿನ ನೆರಳು ಸಿಕ್ಕರೆ ನೆರಳು, ಎರಡು ಸುತ್ತು ಸುತ್ತಿ ಧೊಪ್ಪೆಂದು ಬಿದ್ದುಕೊಂಡರೆ ಆಯಿತು. ಅದರ ಅರ್ಧ ಆಯಸ್ಸು ಹಾಗೆಯೇ ಕಳೆಯುತ್ತದೆ. ಆದರೆ ನೀವು ಅದರ ಎದುರು ನಿಂತು 'ಮಲಗು' ಎಂದು ಹೇಳಿ ನೋಡಿ. ಕೂರುವುದನ್ನು ಕಲಿತ ನಾಯಿ, ಕೈಕೊಡುವುದನ್ನು ಕಲಿತು ನೆಂಟರ ಮುಂದೆ ಹೆಸರು ಗಳಿಸಿದ ನಾಯಿ ಕೂಡ ಈ ಮಾತಿಗೆ ಗೋಡೆಯ ಕಡೆ ನೋಡುತ್ತದೆ, ಆಕಳಿಸುತ್ತದೆ, ಮೂಗು ನೆಕ್ಕಿಕೊಳ್ಳುತ್ತದೆ. ಕೂತ ನಾಯಿ ಕಣ್ಣು ಮಿಟುಕಿಸುವಷ್ಟರಲ್ಲಿ ಓಟ ಕೀಳಬಲ್ಲದು. ಹೊಟ್ಟೆಯನ್ನು ನೆಲಕ್ಕೆ ತಾಗಿಸಿದ ನಾಯಿ ಓಡಬೇಕಾದರೆ ಮೊದಲು ಏಳಬೇಕು. ಮೇಲೆ ಒಬ್ಬ ಮನುಷ್ಯ ಬಾಗಿ ನಿಂತಿರುವಾಗ, ಅವನು ಹೇಳಿದನೆಂದು, ತನ್ನ ಮನಸ್ಸಿಲ್ಲದ ಹೊತ್ತಿನಲ್ಲಿ ಹಾಗೆ ಮಲಗುವುದು ನಾಯಿಯ ಪಾಲಿಗೆ ಸಣ್ಣ ಸಂಗತಿಯಲ್ಲ.

ಈ ಒಂದು ಮಾತಿಗೂ ಒಂದು ಚರಿತ್ರೆಯಿದೆ. ಸುಮಾರು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡಿದವಳು ನಾನು. ಪಾಣಿಪತ್ತಿನ ಮೂರು ಯುದ್ಧಗಳ ಇಸವಿ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ನಾಯಿಗೆ ಪಾಠ ಹೇಳಿದವರ ಇಸವಿಗಳನ್ನು ಮಾತ್ರ ನಮ್ಮ ಮನೆಯ ನಾಯಿಯೊಂದರ ದೆಸೆಯಿಂದ ಈಚೆಗೆ ಹುಡುಕಿ ಓದಿದೆ. ಓದುತ್ತಾ ಹೋದಂತೆ ಇದು ನಾಯಿಗಳ ಕತೆಯಷ್ಟೇ ಅಲ್ಲ, ನಮ್ಮಂಥ ಬೆತ್ತದ ಕಸುಬಿನವರ ಕತೆಯೂ ಹೌದು ಅನ್ನಿಸಿತು.

ಚರಿತ್ರೆಯಲ್ಲಿ ನಾಯಿಗಳಿಗೆ ಬರವಿಲ್ಲ. ನಮ್ಮ ಮಂಡ್ಯ ಜಿಲ್ಲೆಯಲ್ಲೇ, ಮದ್ದೂರು ತಾಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ವೀರಗಲ್ಲೊಂದು ಸಿಕ್ಕಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನೆಂಬ ವೀರ ಯುದ್ಧದಲ್ಲಿ ಮೆರೆದುದಕ್ಕೆ ಬೇಡಿ ಪಡೆದ ಬಹುಮಾನ ಊರಲ್ಲ, ಕೇರಿಯಲ್ಲ, ಕಾಳಿ ಎಂಬ ನಾಯಿ. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಲ್ಲು ಕಾಳಿಯ ಹೆಸರು ಉಳಿಸಿದೆ, ಒಡೆಯರ ಹೆಸರು ಉಳಿಸಿದೆ. ಕಾಳಿಯನ್ನು ಹೇಗೆ ಪಳಗಿಸಿದರು, ತುತ್ತು ತೋರಿಸಿಯೋ ಕೋಲು ತೋರಿಸಿಯೋ, ಅದನ್ನು ಯಾವ ಕಲ್ಲು ಹೇಳೀತು?

ಕಾಗದದ ಕಾಲಕ್ಕೆ ಬಂದರೆ ಉತ್ತರ ಸಿಗುತ್ತದೆ, ಅದು ಬಹುಮಟ್ಟಿಗೆ ಕೋಲಿನ ಉತ್ತರ. ಬೇಟೆನಾಯಿಗೆ ವಿದ್ಯೆ ಕಲಿಸುವುದಕ್ಕೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷಿನಲ್ಲಿ ಇದ್ದ ಮಾತೇ 'ಮುರಿಯುವುದು'. ಕುದುರೆಯನ್ನು ಮುರಿಯುವುದು, ನಾಯಿಯನ್ನು ಮುರಿಯುವುದು. 1880ರ ದಶಕದಲ್ಲಿ ಅಮೆರಿಕದ ಹ್ಯಾಮಂಡ್ ಎಂಬಾತ ಇದಕ್ಕೆ ಎದುರು ನಿಂತು, ಕಲಿಸುವುದು ಬೇರೆ, ಮುರಿಯುವುದು ಬೇರೆ ಎಂದು ತನ್ನ ಪುಸ್ತಕದ ಹೆಸರಿನಲ್ಲೇ ಸಾರಿದ. ಚಾಟಿ ಬಿಡಿ, ಮಾಂಸದ ಚೂರು ಹಿಡಿಯಿರಿ ಎಂದ. ಓದಿದವರು ಓದಿದರು, ಮುರಿಯುವವರು ಮುರಿಯುತ್ತಲೇ ಇದ್ದರು.

1910ರಲ್ಲಿ ಜರ್ಮನಿಯ ಪೊಲೀಸ್ ನಾಯಿಗಳನ್ನು ತಯಾರು ಮಾಡುತ್ತಿದ್ದ ಕೋನ್‌ರಾಡ್ ಮೋಸ್ಟ್ ಪುಸ್ತಕ ಬರೆದ. ಇವನು ಬರಿಯ ದಂಡಧಾರಿಯಲ್ಲ, ಸೂಕ್ಷ್ಮಮತಿ. ಮೆಚ್ಚುಗೆಯಾಗಲಿ ಶಿಕ್ಷೆಯಾಗಲಿ ಆ ಕ್ಷಣದಲ್ಲೇ ಸಲ್ಲಬೇಕು, ತಡವಾದರೆ ನಾಯಿಗೆ ಯಾವುದಕ್ಕೆ ಯಾವುದು ಎಂದು ತಿಳಿಯುವುದಿಲ್ಲ ಎಂಬುದನ್ನು ಚೆನ್ನಾಗಿ ಬಲ್ಲವನು. ಆದರೂ ಅವನ ವಿಧಾನದ ಬೆನ್ನೆಲುಬು ಬಲವಂತವೇ. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸಾವಿರಾರು ನಾಯಿಗಳನ್ನು ರಣರಂಗಕ್ಕೆ ತಂದಿತು. ಎರಡನೆಯ ಯುದ್ಧದ ಹೊತ್ತಿಗೆ ಅಮೆರಿಕವೂ ಅದೇ ದಾರಿ ಹಿಡಿಯಿತು. ಯುದ್ಧ ಮುಗಿದ ಮೇಲೆ ಸೈನ್ಯದ ತರಬೇತುದಾರರು ಊರಿಗೆ ಮರಳಿ, ಮನೆಯ ನಾಯಿಗೂ ಸೈನ್ಯದ ಕವಾಯತನ್ನೇ ಹೇಳಿಕೊಟ್ಟರು. ಸೈನ್ಯದ ನಾಯಿಗಳಿಗೆ ಕಲಿಸಿ, ಮುಂದೆ ಡಿಸ್ನಿ ಚಿತ್ರಗಳ ಪ್ರಾಣಿಗಳಿಗೂ ಕಲಿಸಿದ ವಿಲಿಯಂ ಕೋಲರ್ 1962ರಲ್ಲಿ ಬರೆದ ಪುಸ್ತಕ ಬಹುಕಾಲ ಅಲ್ಲಿನ ನಾಯಿ ಸಾಕುವವರ ಮನೆಮನೆಯಲ್ಲಿತ್ತು. ಆ ದಶಕಗಳಲ್ಲಿ ನಾಯಿಯನ್ನು ಮಲಗಿಸುವ ಬಗೆ ಹೀಗೆ: ಕುತ್ತಿಗೆಗೆ ಬಿಗಿಯುವ ಸರಪಳಿ ಹಾಕಿ, ಹಗ್ಗವನ್ನು ಬೂಟಿನ ಕೆಳಗೆ ತೂರಿಸಿ ಎಳೆಯುವುದು. ಇಲ್ಲವೇ ಹೆಗಲ ಮೇಲೆ ಕೈಯೂರಿ ಒತ್ತುವುದು, ಮುಂಗಾಲು ಹಿಡಿದು ಮುಂದಕ್ಕೆ ಜಗ್ಗುವುದು. ಉಸಿರು ಬೇಕಾದ ನಾಯಿ ಮಲಗುತ್ತದೆ. ಮಲಗಿತು, ನಿಜ, ಅದು ಕಲಿತದ್ದು ಮಲಗುವುದನ್ನೋ ಮನುಷ್ಯನ ಕೈಯನ್ನು ನಂಬಬಾರದೆಂಬುದನ್ನೋ ಎಂದು ಯಾರೂ ಕೇಳಲಿಲ್ಲ.

ನನಗೆ ಆಶ್ಚರ್ಯವಾದದ್ದು ಈ ಕ್ರೌರ್ಯವಲ್ಲ. ಕ್ರೌರ್ಯ ಹಳೆಯದು. ಇದಕ್ಕಿಂತ ಒಳ್ಳೆಯ ದಾರಿ ಅಷ್ಟು ಹೊತ್ತಿಗೆ ಅಚ್ಚಾಗಿ, ನಮ್ಮಂಥವರ ಪರೀಕ್ಷೆಯ ಪ್ರಶ್ನೆಯೂ ಆಗಿತ್ತಲ್ಲ, ಅದು ಆಶ್ಚರ್ಯ.

ಬಿ.ಎಡ್. ಮಾಡಿದವರಿಗೆಲ್ಲ ಗೊತ್ತು, ಶೈಕ್ಷಣಿಕ ಮನೋವಿಜ್ಞಾನವೆಂದರೆ ಮೂವರ ಹೆಸರು: ಪಾವ್ಲೊವ್, ಥಾರ್ನ್‌ಡೈಕ್, ಸ್ಕಿನ್ನರ್. ಟಿಪ್ಪಣಿ ಬರೆಯಿರಿ, ಐದು ಅಂಕ. ಪಾವ್ಲೊವನ ನಾಯಿ ಜೊಲ್ಲು ಸುರಿಸಿತು, ಥಾರ್ನ್‌ಡೈಕನ ಬೆಕ್ಕು ಚಿಲಕ ತೆಗೆಯಿತು, ಸ್ಕಿನ್ನರನ ಪಾರಿವಾಳ ಗುಂಡಿ ಕುಟುಕಿತು. ಥಾರ್ನ್‌ಡೈಕ್ ತನ್ನ ಪ್ರಬಂಧ ಬರೆದದ್ದು 1898ರಲ್ಲಿ. ಪೆಟ್ಟಿಗೆಯೊಳಗಿನ ಪ್ರಾಣಿ ಅದನ್ನೂ ಇದನ್ನೂ ಮಾಡುತ್ತಾ ಆಕಸ್ಮಿಕವಾಗಿ ಚಿಲಕ ಒತ್ತುತ್ತದೆ, ಹೊರಗೆ ಬಂದು ತಿನ್ನುತ್ತದೆ. ಮುಂದಿನ ಸಲ ಬೇಗ ಒತ್ತುತ್ತದೆ. ಸುಖವಾದ ಫಲ ಕೊಟ್ಟ ಕೆಲಸ ಬೇರೂರುತ್ತದೆ. ಇದೇ ಪರಿಣಾಮ ನಿಯಮ. ಪಾವ್ಲೊವನಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ. ಆದರೆ ಊಟದ ಮುಂಚೆ ಕೇಳುವ ಶಬ್ದವೇ ನಾಯಿಗೆ ಊಟದಷ್ಟು ಅರ್ಥ ಕೊಡಬಲ್ಲದೆಂದು ತೋರಿಸಿದ್ದರಿಂದ ಅವನ ಹೆಸರು ನಮ್ಮ ನೋಟ್ಸಿಗೆ ಬಂತು.

ಸ್ಕಿನ್ನರನದು ಇನ್ನೂ ರಸವತ್ತಾದ ಕತೆ. 1943ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಒಂದು ಹಿಟ್ಟಿನ ಗಿರಣಿಯ ಮೇಲಂತಸ್ತಿನಲ್ಲಿ ಅವನೂ ಶಿಷ್ಯರೂ ಪಾರಿವಾಳಗಳಿಂದ ಬಾಂಬಿಗೆ ದಾರಿ ತೋರಿಸುವ ವಿಚಿತ್ರ ಕೆಲಸದಲ್ಲಿದ್ದರು. ಸರ್ಕಾರದ ಅಪ್ಪಣೆಗೆ ಕಾಯುತ್ತಾ ಹೊತ್ತು ಹೋಗದೆ, ಒಂದು ಪಾರಿವಾಳಕ್ಕೆ ಕೊಕ್ಕಿನಿಂದ ಮರದ ಚೆಂಡು ತಳ್ಳುವುದನ್ನು ಕಲಿಸೋಣವೆಂದರು. ತಳ್ಳಲಿ, ಕಾಳು ಹಾಕೋಣವೆಂದು ಕಾದರು. ಅದು ತಳ್ಳಲೇ ಇಲ್ಲ. ಬೇಸತ್ತು, ಚೆಂಡಿನ ಕಡೆ ನೋಡಿದರೂ ಸಾಕು ಎಂದು ಕಾಳು ಹಾಕಿದರು. ಆಮೇಲೆ ಕೊಕ್ಕು ಹತ್ತಿರ ಬಂದರೆ ಹಾಕಿದರು. ನಿಮಿಷಗಳಲ್ಲಿ ಚೆಂಡು ಪೆಟ್ಟಿಗೆಯ ಗೋಡೆಗಳಿಗೆ ಬಡಿದು ಕುಣಿಯತೊಡಗಿತು. ಪೂರ್ತಿ ಸರಿಯಾದ ಉತ್ತರಕ್ಕೆ ಕಾಯಬೇಡ, ಸರಿಯ ಕಡೆಗೆ ಇಟ್ಟ ಮೊದಲ ಹೆಜ್ಜೆಗೇ ಸೈ ಅನ್ನು ಎಂಬುದು ಅಂದು ಅವರ ಕೈಯಲ್ಲೇ ಅರಳಿದ ವಿದ್ಯೆ. 1951ರಲ್ಲಿ ಸ್ಕಿನ್ನರ್ ಜನಸಾಮಾನ್ಯರು ಓದುವ ವಿಜ್ಞಾನ ಪತ್ರಿಕೆಯೊಂದರಲ್ಲಿ, ಮಕ್ಕಳಾಟಿಕೆಯ ಟಿಕ್‌ಟಿಕಿ ಹಿಡಿದು ನಾಯಿಗೆ ಕಲಿಸುವ ಬಗೆಯನ್ನು ಬಿಡಿಸಿ ಬರೆದ. ಮೊದಲು ಟಿಕ್ ಎಂದರೆ ತಿಂಡಿ ಎಂದು ತಿಳಿಸು. ಆಮೇಲೆ ಬೇಕಾದ ಕೆಲಸ ನಡೆದ ಆ ಗಳಿಗೆಯಲ್ಲೇ ಟಿಕ್ ಅನ್ನಿಸು. ಅವನ ಶಿಷ್ಯ ಕೆಲರ್ ಬ್ರೆಲಂಡ್ ಮತ್ತು ಹೆಂಡತಿ ಮೇರಿಯನ್ ಓದು ಬಿಟ್ಟು ಇದನ್ನೇ ಕಸುಬು ಮಾಡಿಕೊಂಡರು. ಕೋಳಿ, ಹಂದಿ, ಮೊಲಗಳಿಗೆ ಕಲಿಸಿ ಜಾಹೀರಾತಿಗೂ ಜಾತ್ರೆಗೂ ಕಳಿಸಿದರು. ನಾಯಿ ತರಬೇತಿಯವರ ಬಳಿಗೂ ಹೋದರು. ಅಲ್ಲಿ ಅವರನ್ನು ಕೇಳುವವರಿರಲಿಲ್ಲ.

ಏಕೆ? ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರ ಮಾತಿನಲ್ಲಿ ನನಗೆ ಇದರ ಉತ್ತರ ಸಿಕ್ಕಿತು. ಅದನ್ನು ಹೇಳುವ ಮುಂಚೆ ಕೆಂಚನ ವಿಷಯ ಹೇಳಬೇಕು.

ಕೆಂಚ ಬಿಸಿಯೂಟದ ಸಾರಿನ ವಾಸನೆ ಹಿಡಿದು ಶಾಲೆಗೆ ಬಂದು ಸೇರಿದ ಬೀದಿನಾಯಿ. ಒಂದು ಕಿವಿ ಹರಿದಿತ್ತು, ಯಾರಾದರೂ ಬಗ್ಗಿದರೆ ಸಾಕು ಹತ್ತು ಮಾರು ದೂರ ಹಾರುತ್ತಿತ್ತು. ಬಗ್ಗುವುದು ಕಲ್ಲು ಹೆಕ್ಕುವುದಕ್ಕೇ ಎಂದು ಅದಕ್ಕೆ ಯಾರೋ ಚೆನ್ನಾಗಿ ಪಾಠ ಮಾಡಿದ್ದರು. ಒಂದು ಬೇಸಿಗೆ ರಜದಲ್ಲಿ ಶಾಲೆ ಮುಚ್ಚಿ ಅದಕ್ಕೆ ಅನ್ನವಿಲ್ಲದಾಯಿತು. ನನ್ನ ಹಿಂದೆಯೇ ಮನೆಗೆ ಬಂತು, ಉಳಿಯಿತು. ಮರುವರ್ಷ ಉಣ್ಣೆಯಿಂದ ಜ್ವರ ಹತ್ತಿತು. ದನಗಳ ಮೈಗೆ ಕಚ್ಚಿಕೊಳ್ಳುವ ಉಣ್ಣೆ ಇದೆಯಲ್ಲ, ಅದೇ ಜಾತಿಯದು ನಾಯಿಗೆ ಕಚ್ಚಿ ರಕ್ತಕ್ಕೆ ರೋಗಾಣು ಬಿಡುತ್ತದೆ. ಮೂಗಿನಿಂದ ರಕ್ತ ಬಂತು, ಮೂರು ದಿನ ಮುದ್ದೆ ಮುಟ್ಟಲಿಲ್ಲ. ನಾಲ್ಕು ವಾರದ ಮಾತ್ರೆಯಲ್ಲಿ ಬದುಕಿಕೊಂಡಿತು. "ಇನ್ನೊಂದು ಸಲ ಬಂದ್ರೆ ಕಷ್ಟ ಮೇಡಂ. ದಿನಾ ಮಲಗಿಸಿ ಹೊಟ್ಟೆ, ಕಂಕುಳು, ಬೆರಳ ಸಂದಿ ನೋಡಿ ಉಣ್ಣೆ ತೆಗೀರಿ" ಎಂದರು ಡಾಕ್ಟರು. ಮಲಗಿಸುವುದು! ಬಗ್ಗಿದರೆ ನಡುಗುವ ನಾಯಿಯನ್ನು.

ಪಿ.ಟಿ. ಮೇಷ್ಟ್ರು ಒಳ್ಳೆಯವರು, ಮನೆಯಲ್ಲಿ ಎರಡು ನಾಯಿ ಸಾಕಿದವರು. "ಮೇಡಂ, ಎರಡೂ ಕೈಯಲ್ಲಿ ಹೆಗಲು ಹಿಡ್ಕೊಂಡು ನೆಲಕ್ಕೆ ಒತ್ತಿಬಿಡಿ. ಎರಡು ದಿನ ಸಾಕು. ಯಾರು ಯಜಮಾನ ಅಂತ ಅದಕ್ಕೆ ಗೊತ್ತಾಗ್ಬೇಕು" ಎಂದರು.

ಇದು ಅವರೊಬ್ಬರ ಮಾತಲ್ಲ, ಇದಕ್ಕೂ ವಂಶಾವಳಿಯಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿದ್ವಾಂಸ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ, ತೋಳಗಳಲ್ಲಿ ಯಜಮಾನಿಕೆಗಾಗಿ ಸದಾ ಸೆಣಸಾಟವೆಂದು ಬರೆದ. 1970ರಲ್ಲಿ ಡೇವಿಡ್ ಮೆಕ್ ಬರೆದ ತೋಳಗಳ ಪುಸ್ತಕ ಅದನ್ನು ಲೋಕಕ್ಕೆಲ್ಲ ಹಬ್ಬಿಸಿತು. ನಾಯಿ ತೋಳದ ಕುಲ. ಆದ್ದರಿಂದ ನಾಯಿಯನ್ನು ಕೆಡವಿ ಒತ್ತಿ ನಾನೇ ಒಡೆಯನೆಂದು ತೋರಿಸು ಎಂಬ ಸಿದ್ಧಾಂತ ಹುಟ್ಟಿತು. ಆಮೇಲೆ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ 1999ರಲ್ಲಿ ತಾನೇ ತಿದ್ದಿಕೊಂಡ: ಕಾಡಿನ ತೋಳದ ಗುಂಪೆಂದರೆ ತಂದೆ, ತಾಯಿ, ಮಕ್ಕಳ ಸಂಸಾರ, ಎಲ್ಲಿಂದಲೋ ತಂದು ಒಂದೇ ಬೇಲಿಯೊಳಗೆ ಕೂಡಿಹಾಕಿದ ತೋಳಗಳ ಜಗಳ ಅಲ್ಲಿ ಕಾಣದು. ಜೈಲು ನೋಡಿ ಕುಟುಂಬಶಾಸ್ತ್ರ ಬರೆದ ಹಾಗಾಗಿತ್ತು. ತಿದ್ದುಪಡಿ ಬಂದರೂ ಮೂಲದ ಮಾತು ಮದ್ದೂರಿನ ಬಯಲಿನವರೆಗೆ ಉಳಿದುಕೊಂಡಿದೆ, ನೋಡಿ.

ಹಾಗಾದರೆ ಆ ತರಬೇತುದಾರರಿಗೆ ಬೇಕಾಗಿದ್ದದ್ದು ನಾಯಿ ಮಲಗುವುದಷ್ಟೇ ಅಲ್ಲ, ಶರಣಾಗುವುದು. ತಿಂಡಿ ಕೊಟ್ಟರೆ ನಾಯಿ ಮಲಗುತ್ತದೆ, ಶರಣಾಗುವುದಿಲ್ಲ. ಅದಕ್ಕೇ ತಿಂಡಿ ಅವರಿಗೆ ಅವಮಾನವಾಗಿ ಕಂಡಿತು. ಎಷ್ಟೋ ತರಗತಿಗಳಲ್ಲಿ 'ಕೈ ಕಟ್ಟಿ, ಬಾಯಿ ಮುಚ್ಚಿ' ಎಂಬ ಆಜ್ಞೆಗೂ ಪಾಠಕ್ಕೂ ಎಷ್ಟು ಸಂಬಂಧವಿತ್ತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಗಂಟು ಬಿಚ್ಚಿದ್ದು ನೆಲದ ಮೇಲಲ್ಲ, ನೀರಿನಲ್ಲಿ. 1963ರಲ್ಲಿ ಹವಾಯಿ ದ್ವೀಪದ ಸಮುದ್ರ ಪ್ರದರ್ಶನಾಲಯವೊಂದರಲ್ಲಿ ಕ್ಯಾರೆನ್ ಪ್ರಯರ್ ಎಂಬಾಕೆ ಡಾಲ್ಫಿನ್‌ಗಳಿಗೆ ಕಲಿಸಲು ನಿಂತಳು. ಡಾಲ್ಫಿನ್ನಿಗೆ ಸರಪಳಿ ಎಲ್ಲಿ ಕಟ್ಟುತ್ತೀರಿ? ಹೆಗಲೆಲ್ಲಿ ಹಿಡಿಯುತ್ತೀರಿ? ಗದರಿದರೆ ಅದು ಕೊಳದ ಆಚೆ ಬದಿಗೆ ಹೋಗಿ ಆರಾಮವಾಗಿ ತೇಲುತ್ತದೆ. ಕೈಯಲ್ಲಿ ಒಂದು ಸೀಟಿ, ಬಕೆಟ್ಟಿನಲ್ಲಿ ಮೀನು, ಇಷ್ಟೇ ಬಂಡವಾಳ. ಹೊಡೆಯಲಾಗದ ವಿದ್ಯಾರ್ಥಿ ಸಿಕ್ಕಾಗಲೇ ಗುರು ಕಲಿಸುವುದನ್ನು ಕಲಿತದ್ದು. ಆಕೆ 1984ರಲ್ಲಿ ಬರೆದ ಪುಸ್ತಕದ ಹೆಸರು 'ನಾಯಿಗೆ ಗುಂಡು ಹೊಡೆಯಬೇಡಿ' ಎಂದು. ಹೆಸರಿಗೆ ನಾಯಿ, ಒಳಗೆ ಗಂಡ, ಮಕ್ಕಳು, ಅತ್ತೆ, ಆಫೀಸು ಎಲ್ಲ ಇವೆ. ಅತ್ತ ಇಂಗ್ಲೆಂಡಿನಿಂದ ಹೋದ ಪಶುವೈದ್ಯ ಇಯಾನ್ ಡನ್‌ಬಾರ್ 1982ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಪುಟ್ಟ ಮರಿಗಳಿಗೆ ಹಗ್ಗವಿಲ್ಲದೆ, ತಿಂಡಿಯಿಂದ ಮೂಗಿಗೆ ದಾರಿ ತೋರಿಸಿ ಕೂರಿಸುವ, ಮಲಗಿಸುವ ಶಾಲೆ ತೆರೆದಿದ್ದ. 1992ರಿಂದೀಚೆಗೆ ಪ್ರಯರ್ ನಾಯಿ ಸಾಕುವವರಿಗೆ ಶಿಬಿರ ನಡೆಸಿ ಟಿಕ್‌ಟಿಕಿಯನ್ನು ಕೈಗೆ ಕೊಟ್ಟಳು. ಸ್ಕಿನ್ನರ್ ಬರೆದು ಆಗಲೇ ನಲವತ್ತು ವರ್ಷ ಕಳೆದಿತ್ತು. ಆ ನಲವತ್ತು ವರ್ಷದ ನಾಯಿಗಳ ಲೆಕ್ಕ ಯಾರ ಬಳಿಯೂ ಇಲ್ಲ.

ಈಗ ಅದಕ್ಕೆ ಪುರಾವೆಗಳೂ ಬಂದಿವೆ. 2020ರಲ್ಲಿ ಪೋರ್ಚುಗಲ್ಲಿನ ಸಂಶೋಧಕರು 92 ಸಾಕುನಾಯಿಗಳನ್ನು ಅಧ್ಯಯನ ಮಾಡಿ, ಗದರಿ ಜಗ್ಗಿ ಕಲಿಸುವ ಶಾಲೆಯ ನಾಯಿಗಳಲ್ಲಿ ದುಗುಡದ ಲಕ್ಷಣ ಹೆಚ್ಚೆಂದು ಕಂಡರು. ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಕೂಡ ಅದನ್ನೇ ಹೇಳಿತು. ಜೊಲ್ಲಿನಿಂದ ಶುರುವಾದ ಶಾಸ್ತ್ರ ಮತ್ತೆ ಜೊಲ್ಲಿಗೇ ಬಂತಲ್ಲ ಎಂದು ನನಗೆ ನಗು ಬಂತು.

ಇನ್ನು ಕೆಂಚನ ಪಾಠ. ಚಪಾತಿ ಚೂರು ನಡೆಯಲಿಲ್ಲ, ಅದು ದಿನವೂ ಪುಕ್ಕಟೆ ಸಿಗುವಂಥದು. ಬೇಯಿಸಿದ ಮೊಟ್ಟೆಯನ್ನು ಕಡಲೆಕಾಳಿನಷ್ಟು ಚೂರು ಮಾಡಿದೆ. ಟಿಕ್‌ಟಿಕಿಗೆ ಬದಲು ನನ್ನ ಕೆಂಪು ಬಾಲ್‌ಪೆನ್ನು, ಒತ್ತಿದರೆ ಟಿಕ್. ಮೊದಲ ದಿನ ಬರೀ ಟಿಕ್, ಮೊಟ್ಟೆ, ಟಿಕ್, ಮೊಟ್ಟೆ. ಮಾರನೆಯ ದಿನ ಅದರ ಎದುರು ನಿಲ್ಲದೆ, ಬಗ್ಗದೆ, ಪಕ್ಕದಲ್ಲಿ ನೆಲದ ಮೇಲೆ ಕೂತೆ. ಪುಸ್ತಕದ ವಿಧಾನ ಸರಳ: ತಿಂಡಿ ಹಿಡಿದ ಕೈಯನ್ನು ಮೂಗಿನಿಂದ ನೇರ ಮುಂಗಾಲುಗಳ ನಡುವೆ ಇಳಿಸಿ, ಆಮೇಲೆ ನೆಲದ ಗುಂಟ ನಿಧಾನವಾಗಿ ಮುಂದಕ್ಕೆ ಸರಿಸುವುದು. ಮೂಗು ಹಿಂಬಾಲಿಸಿದರೆ ಮೊಣಕೈ ನೆಲಕ್ಕೆ ಬರುತ್ತದೆ. ಕೆಂಚನ ಮೂಗೇನೋ ಇಳಿಯಿತು, ಹಿಂಭಾಗ ಮಾತ್ರ ಗೋಪುರದ ಹಾಗೆ ಮೇಲೆದ್ದಿತು. ಇಂಥ ನಾಯಿಗಳಿಗೆ ಒತ್ತಿದರೆ ಅವೂ ಎದುರು ಒತ್ತುತ್ತವೆ. ಆದ್ದರಿಂದ ಕೈ ಮುಟ್ಟಿಸುವಂತಿಲ್ಲ. ಪಾರಿವಾಳದ ದಾರಿ ಹಿಡಿದೆ. ತಲೆ ತಗ್ಗಿಸಿತೇ, ಟಿಕ್. ಒಂದು ಮೊಣಕೈ ಚೂರು ಬಾಗಿತೇ, ಟಿಕ್. ಒಂದು ಸಲಕ್ಕೆ ಮೂರು ನಿಮಿಷ, ಅಷ್ಟೇ. ಅದು ಬೇಕೆನ್ನುವಾಗಲೇ ಪಾಠ ಮುಗಿಸುವುದು. ಸಿಮೆಂಟು ನೆಲ ಅದಕ್ಕೆ ಒಗ್ಗಲಿಲ್ಲವೆಂದು ಗೋಣಿಚೀಲ ಹಾಸಿದೆ.

ನಮ್ಮತ್ತೆಯವರು ಜಗಲಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. "ಏನಮ್ಮಾ ಇದು, ನಾಯಿಗೆ ಲಂಚ ಕೊಡೋದು?" ಎಂದರು.

"ಲಂಚ ಅಲ್ಲ ಅತ್ತೆ, ಕೂಲಿ. ಲಂಚ ಕೆಲಸಕ್ಕೆ ಮುಂಚೆ ಕೊಡೋದು, ಇದು ಆದಮೇಲೆ."

"ನಿನ್ನ ಕೈಯಲ್ಲಿ ಮುಂಚೇನೇ ಕಾಣ್ತಿದೆಯಲ್ಲ ಮೊಟ್ಟೆ" ಎಂದರು ಅವರು. ಬಿ.ಎಡ್. ಮಾಡದ ನಮ್ಮತ್ತೆ ಡನ್‌ಬಾರನ ಮುಂದಿನ ಅಧ್ಯಾಯಕ್ಕೇ ಬಂದಿದ್ದರು. ತೋರಿಸುವ ತಿಂಡಿಯನ್ನು ಬೇಗ ಕೈಬಿಡಬೇಕು, ಐದಾರು ಸಲದ ನಂತರ ಬರಿಗೈ ಸನ್ನೆ ಮಾಡಿ, ಮಲಗಿದ ಮೇಲೆ ಬೇರೆಡೆಯಿಂದ ತೆಗೆದು ಕೊಡಬೇಕು; ಇಲ್ಲವಾದರೆ ನಾಯಿ ಕೈ ನೋಡಿ ಕೆಲಸ ಮಾಡುತ್ತದೆ.

ಒಂಬತ್ತನೆಯ ದಿನ ಸಂಜೆ ಕೆಂಚ ಗೋಣಿಯ ಮೇಲೆ ಎರಡೂ ಮೊಣಕೈ ಊರಿ, ಒಂದು ಗಳಿಗೆ ಯೋಚಿಸಿ, ಹಿಂಭಾಗವನ್ನೂ ಇಳಿಸಿದ. ಟಿಕ್. ಮುಂಗಾಲಿನ ನಡುವೆ ಒಂದಲ್ಲ, ಐದು ಚೂರು ಇಟ್ಟೆ. 'ಮಲ್ಕೋ' ಎಂಬ ಮಾತನ್ನು ಸೇರಿಸಿದ್ದು ಆಮೇಲೆ, ಅವನು ಮಲಗಿಯೇ ಮಲಗುತ್ತಾನೆಂದು ಖಾತ್ರಿಯಾದ ಮೇಲೆ. ನಾವು ಮೊದಲು ಆಜ್ಞೆ ಮಾಡಿ ಆಮೇಲೆ ಅರ್ಥ ಕಲಿಸುತ್ತೇವೆ. ಇಲ್ಲಿ ಅರ್ಥ ಮೊದಲು, ಪದ ಆಮೇಲೆ. ಹೊಟ್ಟೆ ಮುಟ್ಟಲು ಬಿಡುವುದಕ್ಕೆ ಇನ್ನೂ ಮೂರು ವಾರ ಹಿಡಿಯಿತು. ಬೆರಳ ಸಂದಿಗೆ ಅದಕ್ಕಿಂತ ಹೆಚ್ಚು.

ಅದೇ ಕೆಂಪು ಪೆನ್ನಿನಿಂದ ರಾತ್ರಿ ನೋಟ್ಸ್ ತಿದ್ದುವಾಗ ಸ್ಕಿನ್ನರನ ಇನ್ನೊಂದು ಪ್ರಸಂಗ ನೆನಪಾಗುತ್ತಿತ್ತು. 1953ರ ನವೆಂಬರಿನಲ್ಲಿ ಅವನು ಮಗಳ ಶಾಲೆಗೆ ಹೋಗಿ ಗಣಿತದ ತರಗತಿಯಲ್ಲಿ ಹಿಂದೆ ಕೂತ. ಮಕ್ಕಳು ಲೆಕ್ಕ ಮಾಡುತ್ತಿದ್ದರು. ಬೇಗ ಮುಗಿಸಿದವರಿಗೆ ಕೆಲಸವಿಲ್ಲ, ತಿಳಿಯದವರಿಗೆ ದಾರಿಯಿಲ್ಲ, ಮಾಡಿದ್ದು ಸರಿಯೋ ತಪ್ಪೋ ಎಂದು ಯಾವ ಮಗುವಿಗೂ ಆ ಹೊತ್ತಿಗೆ ಗೊತ್ತಾಗುತ್ತಿಲ್ಲ. ಪಾರಿವಾಳಕ್ಕೆ ಕ್ಷಣದಲ್ಲಿ ಸಿಗುವ ಉತ್ತರ ಮಗುವಿಗೆ ಮಾರನೆಯ ದಿನವೂ ಸಿಗುವುದು ಅನುಮಾನ. ಅವನು ಮನೆಗೆ ಬಂದು ಕಲಿಸುವ ಯಂತ್ರ ಕಟ್ಟಲು ಕೂತ. ಯಂತ್ರದ ಮೇಲೆ ನನಗೆ ಅಷ್ಟು ಭಕ್ತಿಯಿಲ್ಲ. ಅವನು ಕಂಡದ್ದು ಮಾತ್ರ ಸತ್ಯ. ಅರವತ್ತು ಮಕ್ಕಳ ತರಗತಿಯಲ್ಲಿ ನಿಂತವರಿಗೆ ಅದು ಇನ್ನೂ ಸತ್ಯ. ಮಕ್ಕಳನ್ನು ಹೊಡೆಯಬಾರದೆಂದು ನಮ್ಮ ದೇಶದ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಹೇಳಿತು. ಥಾರ್ನ್‌ಡೈಕನ ಪ್ರಬಂಧಕ್ಕೆ ಆಗ ನೂರಹನ್ನೊಂದು ವರ್ಷ. ಅಷ್ಟೂ ಕಾಲ ಟಿಪ್ಪಣಿ ಬರೆದು ಐದಕ್ಕೆ ನಾಲ್ಕೂವರೆ ಅಂಕ ಪಡೆದವರೇ ಬೆತ್ತ ಹಿಡಿದು ತರಗತಿಗೆ ಹೋಗುತ್ತಿದ್ದರು.

ಹಾಗೆಂದು ಬಹುಮಾನದಿಂದ ಎಲ್ಲವೂ ಆಗುತ್ತದೆಂದು ತಿಳಿಯುವಂತಿಲ್ಲ. ಅದನ್ನು ಹೇಳಿದವರೂ ಬ್ರೆಲಂಡ್ ದಂಪತಿಗಳೇ. ಮರದ ನಾಣ್ಯವನ್ನು ತಂದು ಡಬ್ಬಿಗೆ ಹಾಕಲು ಅವರು ಹಂದಿಗೆ ಕಲಿಸಿದರು. ಮೊದಮೊದಲು ಚೆನ್ನಾಗಿಯೇ ಹಾಕುತ್ತಿದ್ದ ಹಂದಿ, ವಾರಗಳು ಕಳೆದಂತೆ ನಾಣ್ಯವನ್ನು ದಾರಿಯಲ್ಲೇ ಬೀಳಿಸಿ ಮೂತಿಯಿಂದ ಮಣ್ಣು ಕೆದಕುವ ಹಾಗೆ ಉರುಳಿಸುತ್ತಾ ಕೂರುತ್ತಿತ್ತು, ತಿಂಡಿ ತಪ್ಪಿದರೂ ಸರಿಯೆ. 1961ರಲ್ಲಿ ಅವರು ಇದನ್ನೆಲ್ಲ ಬರೆದು, ಪ್ರಾಣಿ ಖಾಲಿ ಹಲಗೆಯಾಗಿ ನಮ್ಮ ಬಳಿಗೆ ಬರುವುದಿಲ್ಲ, ತನ್ನ ಕುಲದ ಗುಣ ತಂದಿರುತ್ತದೆ ಎಂದು ಗುರುವಿನ ಶಾಸ್ತ್ರಕ್ಕೇ ಮಿತಿ ತೋರಿಸಿದರು. ಕೆಂಚನೂ ಹಾಗೆಯೇ. ಬಿಸಿಲಲ್ಲಿ ಕಾದ ನೆಲದ ಮೇಲಾದರೂ ಒಂದು ಮಾತಿಗೆ ಮಲಗುತ್ತಾನೆ. ನೆಲ ಒದ್ದೆಯಾಗಿದ್ದರೆ ಇಡೀ ಮೊಟ್ಟೆ ತೋರಿಸಿದರೂ ಇಲ್ಲ. ಉಣ್ಣೆ ಹೆಚ್ಚುವುದು ಮಳೆ ಬಿದ್ದ ಮೇಲೆಯೇ. ಆ ತಿಂಗಳುಗಳಲ್ಲಿ ಒಣಗಿದ ಗೋಣಿಚೀಲವೊಂದನ್ನು ಒಲೆಯ ಹಿಂದೆ ತೆಗೆದಿಟ್ಟಿರುತ್ತೇನೆ. ಮೊದಲು ಅದನ್ನು ಹಾಸಿ, ಆಮೇಲೆ ಕರೆಯುತ್ತೇನೆ.